ಏರ್ಕಾಡಿನ ಮನೆ, ಬಳ್ಳಾರಿಯ ಕಲ್ಲು: ಬ್ರೂಸ್ ಫೂಟ್ ಸಂಗ್ರಹದ ಚಾರಿತ್ರಿಕ ಮಹತ್ವ

ದಕ್ಷಿಣ ಭಾರತದ ಪ್ರಾಗಿತಿಹಾಸದ ಅಧ್ಯಯನದಲ್ಲಿ ಬಳ್ಳಾರಿ ಪರಿಸರಕ್ಕೆ ವಿಶಿಷ್ಟವಾದ ಸ್ಥಾನವಿದೆ. ನವಶಿಲಾಯುಗದ ಜನಜೀವನವನ್ನು ಕುರಿತು ಬರೆಯುವ ಯಾವ ವಿದ್ವಾಂಸರೂ ಸಂಗನಕಲ್ಲು, ಕಪ್ಪಗಲ್ಲು, ಕುಡತಿನಿ, ತೆಕ್ಕಲಕೋಟೆಗಳ ಹೆಸರನ್ನು ಬಿಟ್ಟು ಮುಂದೆ ಹೋಗಲಾರರು. ಈ ಹೆಸರುಗಳು ಶಾಸ್ತ್ರಗ್ರಂಥಗಳನ್ನು ಸೇರಿದ ಬಗೆಯನ್ನು ಹುಡುಕಿಕೊಂಡು ಹಿಂದಕ್ಕೆ ಸಾಗಿದರೆ, ಆ ದಾರಿ ಬಳ್ಳಾರಿಯಿಂದ ಬಹುದೂರದಲ್ಲಿರುವ ಒಂದು ಬೆಟ್ಟದೂರಿನ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ. ತಮಿಳುನಾಡಿನ ಸೇಲಂ ಜಿಲ್ಲೆಯ ಶೆವರಾಯ್ ಬೆಟ್ಟಸಾಲಿನಲ್ಲಿರುವ ಏರ್ಕಾಡು ಆ ಊರು. 'ಐವಿ ಕಾಟೇಜ್' ಆ ಮನೆ. ರಾಬರ್ಟ್ ಬ್ರೂಸ್ ಫೂಟ್ ಅದರ ಯಜಮಾನರು.

ವಸಾಹತುಕಾಲದ ಅಧಿಕಾರಿಗಳು ಬೇಟೆಯ ಕೊಂಬುಗಳನ್ನೂ ಕತ್ತಿ ಗುರಾಣಿಗಳನ್ನೂ ಚಿತ್ರಪಟಗಳನ್ನೂ ತಮ್ಮ ಮನೆಗಳಲ್ಲಿ ಕೂಡಿಟ್ಟುದು ಅಪರೂಪವೇನಲ್ಲ. ಆದರೆ ಒಡೆದ ಕಲ್ಲಿನ ಚಕ್ಕೆ, ಅರ್ಧ ತಿಕ್ಕಿ ಬಿಟ್ಟ ಕೊಡಲಿ, ಮುರಿದ ಮಡಕೆಯ ಅಂಚು, ಬೂದಿಯ ಗಟ್ಟಿ ಇವನ್ನು ಹಳ್ಳಿಹಳ್ಳಿಯಿಂದ ಆಯ್ದು, ಪ್ರತಿಯೊಂದೂ ದೊರೆತ ಊರನ್ನು ಗುರುತಿಸಿ, ನಾಲ್ಕು ದಶಕಗಳ ಕಾಲ ಕಾಪಾಡಿಕೊಂಡು ಬಂದ ಮನೆ ವಿರಳ. ಸಮಕಾಲೀನರ ಕಣ್ಣಿಗೆ ಇದು ಒಂದು ವಿಚಿತ್ರ ಹವ್ಯಾಸವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಆ ಹವ್ಯಾಸದ ಮೂಲಕ ಬಳ್ಳಾರಿಯ ನೆಲಕ್ಕೆ ದೊರೆತುದೇನು, ಅದು ಕಳೆದುಕೊಂಡುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಫೂಟ್ ಅವರಿಗಿಂತ ಮೊದಲು

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಮೊದಲಾದ ಪ್ರದೇಶಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಈ ಭಾಗವು 'ದತ್ತ ಮಂಡಲ'ವೆಂದು ಹೆಸರಾಗಿ ಮದರಾಸು ಆಡಳಿತಕ್ಕೆ ಸೇರಿತು. ಆಡಳಿತದ ಹಿಂದೆಯೇ ಭೂಮಾಪನವೂ, ಅದರ ಜೊತೆಯಲ್ಲಿ ಸಂಗ್ರಹಕಾರ್ಯವೂ ಬಂದವು. ಕರ್ನಲ್ ಕಾಲಿನ್ ಮೆಕೆಂಜಿ ಅವರು ತಮ್ಮ ಸಹಾಯಕ ಪಂಡಿತರ ನೆರವಿನಿಂದ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಓಲೆಗ್ರಂಥಗಳನ್ನೂ ಅಪಾರ ಪ್ರಮಾಣದಲ್ಲಿ ಕೂಡಿಸಿದರು. ಬಳ್ಳಾರಿಯ ವಾಯವ್ಯಕ್ಕಿರುವ ಕುರುಗೋಡು ಈ ಕಾರ್ಯದ ಆರಂಭದಲ್ಲಿಯೇ ಬೆಳಕಿಗೆ ಬಂದ ಊರುಗಳಲ್ಲಿ ಒಂದು. ಬಲ್ಲಕುಂದೆ ನಾಡನ್ನು ಆಳಿದ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಕನ್ನಡ ಶಾಸನವೊಂದು ಮೆಕೆಂಜಿ ಅವರ ಮೂಲಕ ಎಚ್. ಟಿ. ಕೋಲ್‌ಬ್ರೂಕ್ ಅವರ ಕೈ ಸೇರಿ, ಕಲ್ಕತ್ತೆಯಲ್ಲಿ ಪ್ರಕಟವಾಗುತ್ತಿದ್ದ 'ಏಷ್ಯಾಟಿಕ್ ರಿಸರ್ಚಸ್' ಪತ್ರಿಕೆಯ ೯ನೆಯ ಸಂಪುಟದಲ್ಲಿ ಪರಿಚಯಗೊಂಡಿತು. ಬಳ್ಳಾರಿಯ ಕಲ್ಲೊಂದು ದೂರದ ವಿದ್ವತ್ಸಭೆಯಲ್ಲಿ ಮಾತನಾಡಿದ ಮೊದಲ ಸಂದರ್ಭಗಳಲ್ಲಿ ಇದೂ ಒಂದು.

ಮೆಕೆಂಜಿ ಅವರ ಆಸಕ್ತಿ ಅಕ್ಷರವಿದ್ದ ಕಲ್ಲಿನತ್ತ ಇತ್ತು. ಅಕ್ಷರವಿಲ್ಲದ ಅವಶೇಷಗಳತ್ತ ಗಮನ ಹರಿಸಿದವರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ಟಿ. ಜೆ. ನ್ಯೂಬೋಲ್ಡ್ ಪ್ರಮುಖರು. ದಕ್ಷಿಣ ಭಾರತದ ಬೂದಿದಿಬ್ಬಗಳನ್ನು ಕುರಿತ ಅವರ ಲೇಖನ ೧೮೪೩ರಲ್ಲಿ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಕಾಣುವ ದೊಡ್ಡ ದಿಬ್ಬವು ಭೀಮನಿಂದ ಹತನಾದ ಹಿಡಿಂಬಾಸುರನ ಚಿತಾಭಸ್ಮವೆಂಬ ಐತಿಹ್ಯ ಜನರಲ್ಲಿ ಪ್ರಚಲಿತವಾಗಿತ್ತು. ಹಂಪೆಯ ಸಮೀಪದ ನಿಂಬಾಪುರದ ದಿಬ್ಬಕ್ಕೆ ವಾಲಿಯ ದಹನದ ಕಥೆ ಅಂಟಿಕೊಂಡಿದೆ. ಸುತ್ತಲಿನ ಕಪ್ಪು ಕೆಂಪು ನೆಲದ ನಡುವೆ ಬೂದುಬಣ್ಣದಿಂದ ಎದ್ದು ನಿಂತ, ಅಲ್ಲಲ್ಲಿ ಗಾಜಿನಂತೆ ಕರಗಿ ಗಟ್ಟಿಗೊಂಡ ಆ ರಾಶಿಗಳು ಮನುಷ್ಯಪ್ರಮಾಣಕ್ಕೆ ಮೀರಿದ ದಹನವೊಂದನ್ನು ಸೂಚಿಸುತ್ತಿದ್ದವು. ಐತಿಹ್ಯವು ಅದಕ್ಕೆ ತಕ್ಕ ಮಹಾಕಾಯನನ್ನು ಒದಗಿಸಿತು. ಅಗ್ನಿಯ ಕಾರ್ಯವನ್ನು ಜನಪದರು ಸರಿಯಾಗಿಯೇ ಗುರುತಿಸಿದ್ದರೆಂಬುದು ಇಲ್ಲಿ ಗಮನಾರ್ಹ. ಸುಟ್ಟುದು ಏನನ್ನು ಎಂಬ ಪ್ರಶ್ನೆ ಮಾತ್ರ ಉಳಿಯಿತು.

೨. ಭೂವಿಜ್ಞಾನಿಯ ಕಣ್ಣು

ರಾಬರ್ಟ್ ಬ್ರೂಸ್ ಫೂಟ್ ಅವರು ೧೮೩೪ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದರು. ೧೮೫೮ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತದಲ್ಲಿ ಕಾರ್ಯನಿರತರಾದರು. ೧೮೬೩ರ ಮೇ ೩೦ರಂದು ಮದರಾಸಿನ ಹೊರವಲಯದ ಪಲ್ಲಾವರದಲ್ಲಿ ಅವರಿಗೆ ದೊರೆತ ಕಲ್ಲಿನ ಆಯುಧವು ಭಾರತದ ಪೂರ್ವಶಿಲಾಯುಗದ ಅಧ್ಯಯನಕ್ಕೆ ನಾಂದಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ನೆಲೆಯನ್ನು ಗುರುತಿಸಿದರು. ಅಲ್ಲಿಂದ ಮುಂದೆ ಇಲಾಖೆಯ ಕೆಲಸಕ್ಕೆಂದು ಎಲ್ಲಿಗೆ ಹೋದರೂ ಪ್ರಾಚೀನ ಮಾನವನ ಕೈಗುರುತನ್ನು ಹುಡುಕುವುದು ಅವರ ನಿತ್ಯವ್ರತವಾಯಿತು.

ಕರ್ನಾಟಕಕ್ಕೂ ಫೂಟ್ ಅವರಿಗೂ ಇರುವ ನಂಟು ಬಹುಮುಖವಾದುದು. ದಕ್ಷಿಣ ಮರಾಠಾ ಪ್ರದೇಶದ ಭೂರಚನೆಯನ್ನು ಕುರಿತ ಅವರ ಗ್ರಂಥ ೧೮೭೬ರಲ್ಲಿ ಹೊರಬಂದಿತು. ಚಿನ್ನವನ್ನು ಒಳಗೊಂಡಿರುವ ಶಿಲಾಸಮೂಹವನ್ನು ಪ್ರತ್ಯೇಕವಾಗಿ ಗುರುತಿಸಿ ಅದಕ್ಕೆ 'ಧಾರವಾಡ' ಎಂಬ ಹೆಸರನ್ನು ಶಾಸ್ತ್ರದಲ್ಲಿ ನೆಲೆಗೊಳಿಸಿದವರೂ ಅವರೇ. ೧೮೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಸಮೀಕ್ಷೆಯನ್ನು ಕೈಗೊಂಡು, ಅದರ ಫಲವಾದ 'ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ' ಎಂಬ ಬೃಹತ್ ವರದಿಯನ್ನು ೧೮೯೫ರಲ್ಲಿ ಇಲಾಖೆಯ ೨೫ನೆಯ ಸಂಪುಟವಾಗಿ ಪ್ರಕಟಿಸಿದರು. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಶ್ರೀಮಂತಿಕೆಯನ್ನು ಸಾರಿದ ಈ ಗ್ರಂಥವನ್ನು ಗಣಿಗಾರಿಕೆಯ ಇತಿಹಾಸಕಾರರೂ ಉಲ್ಲೇಖಿಸುತ್ತಾರೆ. ೧೮೯೧ರಲ್ಲಿ ನಿವೃತ್ತರಾದ ಬಳಿಕ ಬರೋಡ ಸಂಸ್ಥಾನದಲ್ಲಿಯೂ, ೧೮೯೪ರಲ್ಲಿ ಸ್ಥಾಪನೆಗೊಂಡ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾಗಿಯೂ ಸೇವೆ ಸಲ್ಲಿಸಿದರು.

ಬಳ್ಳಾರಿಯ ಪ್ರಾಗಿತಿಹಾಸವನ್ನು ಅರಿಯಲು ಫೂಟ್ ಅವರಿಗೆ ನೆರವಾದುದು ಅವರ ಮೂಲವೃತ್ತಿಯ ತಿಳಿವಳಿಕೆ. ಜಿಲ್ಲೆಯ ಬಯಲಿನಲ್ಲಿ ಕೋಟೆಗಳಂತೆ ಎದ್ದು ನಿಂತಿರುವ ಗುಡ್ಡಗಳು ಬಹುಪಾಲು ಗ್ರಾನೈಟಿನವು. ಬಳ್ಳಾರಿಯ ಕೋಟೆಗುಡ್ಡ, ಕುರುಗೋಡಿನ ಬೆಟ್ಟಗಳು, ತೆಕ್ಕಲಕೋಟೆಯ ಬಂಡೆರಾಶಿಗಳು ಇವೆಲ್ಲವೂ ಈ ಬಗೆಯವು. ಗ್ರಾನೈಟಿನ ಹರಳುಗಳು ದಪ್ಪ. ಹೊಡೆದರೆ ಹೊಪ್ಪಳೆಯಾಗಿ ಏಳುತ್ತವೆಯೇ ಹೊರತು ಅಲಗು ನಿಲ್ಲುವುದಿಲ್ಲ. ಆದುದರಿಂದ ಕೊಡಲಿಗೆ ಅದು ಒದಗದು. ಈ ಗ್ರಾನೈಟನ್ನು ಸೀಳಿಕೊಂಡು ಗೋಡೆಯಂತೆ ಹಾಯ್ದಿರುವ ಕರಿಯ ಡಾಲರೈಟ್ ಶಿಲೆ ಮಾತ್ರ ಅದಕ್ಕೆ ತಕ್ಕುದು. ಅದು ಸೂಕ್ಷ್ಮಕಣದ್ದು, ಭಾರವಾದುದು, ಚಕ್ಕೆ ಎಬ್ಬಿಸಲು ಒಗ್ಗುವಂತಹುದು. ಡಾಲರೈಟಿನ ಸೀಳು ಇರುವೆಡೆ ಕೊಡಲಿಯ ಕಮ್ಮಟವೂ ಇರಬೇಕೆಂಬ ತರ್ಕವನ್ನು ಭೂವಿಜ್ಞಾನಿಯಲ್ಲದೆ ಬೇರೆಯವರು ಹೂಡುವುದು ಕಷ್ಟವಾಗಿತ್ತು.

ಬಳ್ಳಾರಿ ನಗರದ ಈಶಾನ್ಯಕ್ಕೆ ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ನಡುವಿನ ಹಿರೇಗುಡ್ಡ ಈ ತರ್ಕಕ್ಕೆ ಸಾಕ್ಷಿಯಾಯಿತು. ಫೂಟ್ ಅವರ ಬರಹದಲ್ಲಿ ಇದಕ್ಕೆ 'ಪೀಕಾಕ್ ಹಿಲ್' ಎಂಬ ಹೆಸರಿದೆ. ಇಲ್ಲಿಯ ಮಹತ್ವವನ್ನು ಮೊದಲು ಗುರುತಿಸಿ ಫೂಟ್ ಅವರ ಗಮನಕ್ಕೆ ತಂದವರು ಬಳ್ಳಾರಿಯ ಜಿಲ್ಲಾ ಇಂಜಿನಿಯರ್ ವಿಲಿಯಂ ಫ್ರೇಜರ್. ಗುಡ್ಡದ ಮೇಲೆ ಡಾಲರೈಟಿನ ಸೀಳಿನ ಸುತ್ತ ಚಕ್ಕೆಗಳ ರಾಶಿ, ಅರೆಬರೆ ರೂಪುಗೊಂಡ ಕೊಡಲಿಗಳು, ಕೆತ್ತುವಾಗ ಮುರಿದು ಎಸೆದವು, ಬಂಡೆಗಳಲ್ಲಿ ತಿಕ್ಕಿ ತಿಕ್ಕಿ ಬಿದ್ದ ಉದ್ದನೆಯ ತಗ್ಗುಗಳು ಕಂಡುಬಂದವು. ಚಕ್ಕೆ ಎಬ್ಬಿಸಿ ಸ್ಥೂಲರೂಪ ಕೊಡುವುದು, ಗುಬಟುಗಳನ್ನು ಕುಟ್ಟಿ ಸಮಮಾಡುವುದು, ನೀರು ಮರಳು ಹಾಕಿ ಬಂಡೆಗೆ ತಿಕ್ಕುವುದು, ಕೊನೆಗೆ ನುಣುಪು ಕೊಡುವುದು ಎಂಬ ತಯಾರಿಕೆಯ ಎಲ್ಲ ಹಂತಗಳೂ ಒಂದೇ ಸ್ಥಳದಲ್ಲಿ ಲಭಿಸಿದವು. ಈ ಶೋಧಗಳನ್ನು ಫೂಟ್ ಅವರು ೧೮೮೭ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದರು.

ಇಲ್ಲಿ ಒಂದು ಅಂಶ ವಿಚಾರಾರ್ಹ. ಸಾಮಾನ್ಯ ಸಂಗ್ರಾಹಕನು ನಯವಾದ, ಪೂರ್ಣವಾದ, ಸುಂದರವಾದ ವಸ್ತುವನ್ನು ಬಯಸುತ್ತಾನೆ. ಫೂಟ್ ಅವರು ಮುರಿದುದನ್ನೂ ಕೆಟ್ಟುದನ್ನೂ ಬಿಡದೆ ಆಯ್ದರು. ಪೂರ್ಣವಾದ ಕೊಡಲಿಯು ತನ್ನ ಕಾಲದ ಕೌಶಲವನ್ನು ಮಾತ್ರ ತೋರಿಸುತ್ತದೆ. ಕೆಟ್ಟ ಕೊಡಲಿಯು ಅದನ್ನು ಮಾಡಿದವನ ಕೈ ತಪ್ಪಿದ ಘಳಿಗೆಯನ್ನೂ ತೋರಿಸುತ್ತದೆ. ತಯಾರಿಕೆಯ ಕ್ರಮವನ್ನು ಅರಿಯಬೇಕಾದರೆ ಎರಡನೆಯದೇ ಹೆಚ್ಚು ಉಪಯುಕ್ತ. ವಿಚಿತ್ರವೆಂದು ಕಾಣುವ ಅವರ ಸಂಗ್ರಹದ ಹಿಂದೆ ಇದ್ದ ಶಾಸ್ತ್ರೀಯ ದೃಷ್ಟಿ ಇದು.

೩. ಐವಿ ಕಾಟೇಜ್

ಫೂಟ್ ಅವರ ಮಾವ ಪೀಟರ್ ಪರ್ಸಿವಲ್ ತಮಿಳು ವಿದ್ವಾಂಸರೂ ನಿಘಂಟುಕಾರರೂ ಆಗಿದ್ದವರು. ತಮ್ಮ ಕೊನೆಗಾಲವನ್ನು ಏರ್ಕಾಡಿನಲ್ಲಿ ಕಳೆದವರು. ಫೂಟ್ ಅವರೂ ಅಲ್ಲಿಯೇ ನೆಲೆನಿಂತರು. ಸಮುದ್ರಮಟ್ಟದಿಂದ ಸುಮಾರು ೧೫೦೦ ಮೀಟರ್ ಎತ್ತರದಲ್ಲಿರುವ, ಕಾಫಿ ತೋಟಗಳಿಂದ ಆವೃತವಾದ ಈ ಊರು ಬಳ್ಳಾರಿಯ ಬಿಸಿಲುನಾಡಿಗೆ ಎಲ್ಲ ವಿಧದಲ್ಲಿಯೂ ವಿರುದ್ಧವಾದುದು. ಬಳ್ಳಾರಿಯ ಗುಡ್ಡಗಳಲ್ಲಿ ಸಾವಿರಾರು ವರ್ಷ ಬಿಸಿಲಿಗೆ ಕಾದ ಕಲ್ಲುಗಳು ಮಂಜು ಕವಿಯುವ ಬೆಟ್ಟದೂರಿನ ಐವಿ ಕಾಟೇಜಿನ ಆಶ್ರಯವನ್ನು ಪಡೆದವು. ಅವುಗಳ ಜೊತೆಯಲ್ಲಿ ಮದರಾಸು, ಕರ್ನೂಲು, ಕಡಪ, ಮೈಸೂರು, ಹೈದರಾಬಾದ್, ಬರೋಡ ಸೀಮೆಗಳ ಕಲ್ಲುಗಳೂ ಇದ್ದವು.

೧೯೦೪ರಲ್ಲಿ ಈ ಸಂಗ್ರಹವನ್ನು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ಆಗ ಎಡ್ಗರ್ ಥರ್ಸ್ಟನ್ ಅವರು ಆ ಸಂಸ್ಥೆಯ ಮೇಲ್ವಿಚಾರಕರಾಗಿದ್ದರು. ಅದಕ್ಕೆ ಮೊದಲೇ, ೧೯೦೧ರಲ್ಲಿ, ಆ ಸಂಗ್ರಹಾಲಯದಲ್ಲಿದ್ದ ಪ್ರಾಗೈತಿಹಾಸಿಕ ವಸ್ತುಗಳ ಪಟ್ಟಿಯನ್ನು ಫೂಟ್ ಅವರೇ ರಚಿಸಿಕೊಟ್ಟಿದ್ದರು. ವಸ್ತುಗಳು ಮನೆಯನ್ನು ಬಿಟ್ಟ ಮೇಲೂ ಅವುಗಳ ಯಜಮಾನರು ಅವನ್ನು ಬಿಡಲಿಲ್ಲ. ಜೀವನದ ಕೊನೆಯ ವರ್ಷಗಳನ್ನು ತಮ್ಮ ಸಂಗ್ರಹದ ವಿವರಣಾತ್ಮಕ ಪಟ್ಟಿಯ ರಚನೆಗೆ ಮೀಸಲಿಟ್ಟರು. ೧೯೧೨ರ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು. ಪಟ್ಟಿಯ ಸಂಪುಟ ೧೯೧೪ರಲ್ಲಿಯೂ, ಕಾಲ ಮತ್ತು ಹಂಚಿಕೆಯನ್ನು ಕುರಿತ ಟಿಪ್ಪಣಿಗಳ ಸಂಪುಟ ೧೯೧೬ರಲ್ಲಿಯೂ ಮದರಾಸಿನಲ್ಲಿ ಪ್ರಕಟವಾದವು. ಎರಡೂ ಮರಣೋತ್ತರ ಪ್ರಕಟಣೆಗಳು. ಅವರ ಸ್ಮಾರಕ ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ. ಫೂಟ್ ಅವರ ಖಾಸಗಿ ಬದುಕಿಗೂ ಸಂಗ್ರಹಕ್ಕೂ ಇದ್ದ ಸಂಬಂಧವನ್ನು ಶಾಂತಿ ಪಪ್ಪು ಅವರು ೨೦೦೮ರಲ್ಲಿ 'ಮ್ಯಾನ್ ಅಂಡ್ ಎನ್ವಿರಾನ್‌ಮೆಂಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿಶದವಾಗಿ ನಿರೂಪಿಸಿದ್ದಾರೆ.

ಇಂದಿನ ಸಂಶೋಧಕರು ಆ ಮನೆಯ ಸಂಗ್ರಹವನ್ನು 'ಸಂದರ್ಶಿಸಲು' ಇರುವ ದಾರಿ ಈ ಎರಡು ಸಂಪುಟಗಳು. ನಾಲ್ಕು ಸಾವಿರಕ್ಕೂ ಹೆಚ್ಚು ವಸ್ತುಗಳು, ೪೫೯ ನೆಲೆಗಳು ಇವುಗಳಲ್ಲಿ ದಾಖಲಾಗಿವೆ. ಆ ನೆಲೆಗಳಲ್ಲಿ ೪೨ ಪೂರ್ವಶಿಲಾಯುಗಕ್ಕೂ ೨೫೨ ನವಶಿಲಾಯುಗಕ್ಕೂ ಸೇರಿದವು. ಪಟ್ಟಿಯು ವಸ್ತುಗಳ ಆಕಾರವನ್ನಾಗಲಿ ಅಂದವನ್ನಾಗಲಿ ಅನುಸರಿಸದೆ ಸ್ಥಳವನ್ನು ಅನುಸರಿಸಿ ಸಾಗುತ್ತದೆ. ಜಿಲ್ಲೆ, ಅದರೊಳಗೆ ಊರು, ಊರಿನೊಳಗೆ ಗುಡ್ಡ ಅಥವಾ ಹಳ್ಳ, ಅಲ್ಲಿ ದೊರೆತ ವಸ್ತು ಎಂಬ ಕ್ರಮ ಅದರದು. ಬಳ್ಳಾರಿ ಜಿಲ್ಲೆಯ ಪುಟಗಳನ್ನು ತಿರುವುವವರಿಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಎತ್ತಿನ ಗಾಡಿಯಲ್ಲಿ ಸಾಗಿದ ಅನುಭವವಾಗುತ್ತದೆ. ಜನಸಾಮಾನ್ಯರ ನಾಲಿಗೆಯ ಮೇಲಿದ್ದ ಊರ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ತುಸು ರೂಪಗೆಟ್ಟಿದ್ದರೂ ಗುರುತಿಗೆ ಸಿಗುವಂತಿವೆ. ಕಪ್ಪಗಲ್ಲು 'ಕುಪ್ಗಲ್' ಆಗಿದೆ. ಕುರುಗೋಡು 'ಕುರ್ಗೋಡ್' ಆಗಿದೆ.

ಸ್ಥಳನಿರ್ದೇಶವುಳ್ಳ ಈ ಕ್ರಮವೇ ಫೂಟ್ ಸಂಗ್ರಹವನ್ನು ಆ ಕಾಲದ ಇತರ ಖಾಸಗಿ ಸಂಗ್ರಹಗಳಿಂದ ಬೇರ್ಪಡಿಸುತ್ತದೆ. ನಯಗೊಳಿಸಿದ ಕಲ್ಲುಗೊಡಲಿಗಳನ್ನು ದಖ್ಖಣದ ಹಳ್ಳಿಗಳಲ್ಲಿ ಅರಳಿಕಟ್ಟೆಗಳ ಮೇಲೆ, ಗುಡಿಗಳ ಮುಂದೆ ಇಟ್ಟು ಪೂಜಿಸುತ್ತಿದ್ದುದನ್ನು ೧೯ನೆಯ ಶತಮಾನದ ವರದಿಗಳು ಹೇಳುತ್ತವೆ. ಅಂತಹ ಕೊಡಲಿಯೊಂದು ಕಟ್ಟೆಯಿಂದ ಕಪಾಟಿಗೆ ಬಂದಾಗ ಅದರ ದೈವತ್ವ ಹೋಗುತ್ತದೆ. ಊರ ಹೆಸರೂ ಹೋದರೆ ಅದರ ಇತಿಹಾಸವೂ ಹೋಗಿ, ಉಳಿಯುವುದು ಬರಿಯ ಕಲ್ಲು. ಫೂಟ್ ಅವರ ಪಟ್ಟಿ ಎರಡನೆಯ ನಷ್ಟವನ್ನು ತಡೆಯಿತು.

೪. ಬೂದಿದಿಬ್ಬಗಳ ವಾದ

ಸಂಗ್ರಹವೊಂದು ಪ್ರಮಾಣವಾಗಿ ಪರಿಣಮಿಸುವ ಬಗೆಯನ್ನು ಬೂದಿದಿಬ್ಬಗಳ ಚರ್ಚೆ ಚೆನ್ನಾಗಿ ತೋರಿಸುತ್ತದೆ. ದಿಬ್ಬಗಳಲ್ಲಿಯೂ ಅವುಗಳ ಆಸುಪಾಸಿನಲ್ಲಿಯೂ ಕಲ್ಲುಗೊಡಲಿ, ಅರೆಯುವ ಕಲ್ಲು, ಕೈಯಿಂದ ಮಾಡಿದ ಮಡಕೆಯ ಚೂರು ಮತ್ತು ಪ್ರಾಣಿಗಳ ಮೂಳೆ ದೊರೆಯುವುದನ್ನು ಆಧರಿಸಿ, ಇವು ನವಶಿಲಾಯುಗದ ಜನರ ಕೃತಿಗಳೆಂದೂ, ಸುಟ್ಟುದು ದನದ ಸಗಣಿಯೆಂದೂ ಫೂಟ್ ಅವರು ಅಭಿಪ್ರಾಯಪಟ್ಟರು. ಈ ಅಭಿಪ್ರಾಯವು ಕೂಡಲೇ ಮಾನ್ಯವಾಗಲಿಲ್ಲ. ರಾಬರ್ಟ್ ಸೀವೆಲ್ ಅವರು ೧೮೯೯ರಲ್ಲಿ ನಿಂಬಾಪುರದ ದಿಬ್ಬವನ್ನು ಕುರಿತು ಬರೆದರು. ೨೦ನೆಯ ಶತಮಾನದ ಮೊದಲ ಭಾಗದಲ್ಲಿ, ಇವು ಲೋಹ ಕರಗಿಸಿದ ಕುಲುಮೆಗಳ ಕಿಟ್ಟವಿರಬಹುದೆಂಬ ವಾದವೂ ಕೆಲಕಾಲ ಬಲ ಪಡೆಯಿತು. ಗಾಜಿನಂತೆ ಕರಗಿದ ಗಟ್ಟಿಗಳನ್ನು ನೋಡಿದವರಿಗೆ ಸಗಣಿಯ ಬೆಂಕಿಯಿಂದ ಅಷ್ಟೊಂದು ಕಾವು ಹುಟ್ಟೀತೆಂದು ನಂಬುವುದು ಸುಲಭವಾಗಿರಲಿಲ್ಲ.

ಎಫ್. ಇ. ಜಾಯ್ನರ್ ಅವರು ಕುಡತಿನಿಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ೧೯೬೦ರ ಸುಮಾರಿಗೆ ಪ್ರಕಟಿಸಿದ ಲೇಖನವು ಫೂಟ್ ಅವರ ಊಹೆಯನ್ನು ದೃಢಪಡಿಸಿತು. ಅದಕ್ಕೆ ತುಸು ಮೊದಲು, ೧೯೫೭ರಲ್ಲಿ, ಎಫ್. ಆರ್. ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿ, ಗೂಟಗಳ ಬೇಲಿಯಿಂದ ಸುತ್ತುವರಿದ ದನದ ದೊಡ್ಡಿಯನ್ನೂ ಬೂದಿಯ ಪದರದಲ್ಲಿ ಅಚ್ಚೊತ್ತಿದ್ದ ಗೊರಸಿನ ಗುರುತುಗಳನ್ನೂ ಪತ್ತೆಮಾಡಿದರು. ೧೯೬೩ರಲ್ಲಿ ಹೊರಬಂದ ಅವರ ಗ್ರಂಥವು ದಕ್ಷಿಣ ಭಾರತದ ನವಶಿಲಾಯುಗದ ಜನರನ್ನು ಗೋಪಾಲಕರೆಂದೇ ಕರೆಯಿತು. ಮುಂದೆ ಕೆ. ಪದ್ದಯ್ಯ ಅವರು ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ದೀರ್ಘಕಾಲದ ಉತ್ಖನನವು, ದಿಬ್ಬಗಳು ಬರಿಯ ದೊಡ್ಡಿಗಳಲ್ಲ, ಜನರು ವಾಸವಿದ್ದ ನೆಲೆಗಳ ಅಂಗಗಳೆಂದು ತೋರಿಸಿತು. ಸಗಣಿಯನ್ನು ಮತ್ತೆ ಮತ್ತೆ ರಾಶಿ ಹಾಕಿ ಸುಟ್ಟುದರ ಹಿಂದೆ ಆಚರಣೆಯ ಉದ್ದೇಶವಿತ್ತೆಂದು ಈಚಿನ ಹಲವು ವಿದ್ವಾಂಸರು ಪ್ರತಿಪಾದಿಸುತ್ತಾರೆ. ಹೀಗೆ ಮನೆಯೊಂದರಲ್ಲಿ ಕೂಡಿಟ್ಟ ಕಲ್ಲುಗಳು ಹುಟ್ಟಿಸಿದ ಊಹೆಯು ಸಿದ್ಧಾಂತವಾಗಲು ಅರ್ಧಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

೫. ಸಂಗ್ರಹದಿಂದ ಉತ್ಖನನಕ್ಕೆ

ಸಂಗ್ರಹಕ್ಕೆ ಒಂದು ಮಿತಿಯಿದೆ. ನೆಲದ ಮೇಲಿನಿಂದ ಆಯ್ದ ವಸ್ತು ಸ್ಥಳವನ್ನು ಹೇಳುತ್ತದೆ, ಪದರವನ್ನು ಹೇಳುವುದಿಲ್ಲ. ಪದರವಿಲ್ಲದೆ ಕಾಲಾನುಕ್ರಮ ಸಿದ್ಧಿಸುವುದಿಲ್ಲ. ಈ ಕೊರತೆಯನ್ನು ತುಂಬಿದವರು ಮುಂದಿನ ತಲೆಮಾರಿನ ಭಾರತೀಯ ಪುರಾತತ್ತ್ವಜ್ಞರು. ಬಿ. ಸುಬ್ಬರಾವ್ ಅವರು ಸಂಗನಕಲ್ಲಿನ ಸಣ್ಣರಾಚಮ್ಮ ಗುಡ್ಡದಲ್ಲಿ ಉತ್ಖನನ ನಡೆಸಿ, ೧೯೪೮ರಲ್ಲಿ ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ಝಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅವರು ೧೯೬೪-೬೫ರಲ್ಲಿ ಅದೇ ಗುಡ್ಡವನ್ನು ಮತ್ತೆ ಅಗೆದರು.

ಸಿರುಗುಪ್ಪ ತಾಲ್ಲೂಕಿಗೆ ಈ ಪರಂಪರೆಯಲ್ಲಿ ದೊರೆತ ಪಾಲು ತೆಕ್ಕಲಕೋಟೆ. ತುಂಗಭದ್ರೆ ಮತ್ತು ಹಗರಿಯ ನೀರಿನಿಂದ ಇಂದು ಭತ್ತದ ಕಣಜವೆನಿಸಿರುವ ಸಿರುಗುಪ್ಪ ಸೀಮೆಯಲ್ಲಿ, ಅಂದಿನ ಜನರು ಬಯಲನ್ನು ಬಿಟ್ಟು ಬಂಡೆಗಳ ನಡುವಿನ ಗುಡ್ಡದ ತಲೆಯನ್ನು ಆರಿಸಿಕೊಂಡಿದ್ದರು. ನಾಗರಾಜರಾವ್ ಅವರು ೧೯೬೩-೬೪ರಲ್ಲಿ ಇಲ್ಲಿ ನಡೆಸಿದ ಉತ್ಖನನದ ವರದಿಯನ್ನು ಕೆ. ಸಿ. ಮಲ್ಹೋತ್ರ ಅವರೊಡನೆ ೧೯೬೫ರಲ್ಲಿ ಪ್ರಕಟಿಸಿದರು. ಗುಂಡನೆಯ ಗುಡಿಸಲುಗಳ ನೆಲಗಟ್ಟು, ಶವಸಂಸ್ಕಾರಗಳು, ತಾಮ್ರದ ವಸ್ತು, ಚಿನ್ನದ ಆಭರಣ ಮೊದಲಾದವು ಅಲ್ಲಿ ಬೆಳಕಿಗೆ ಬಂದವು. ಗ್ರಂಥದ ಹೆಸರೇ ಅಲ್ಲಿಯ ಜನರನ್ನು ಶಿಲಾಯುಗದ ಗುಡ್ಡವಾಸಿಗಳೆಂದು ಕರೆಯುತ್ತದೆ. ನವಶಿಲಾಯುಗದ ಜನ ಗ್ರಾನೈಟ್ ಗುಡ್ಡಗಳನ್ನು ವಾಸಕ್ಕೆ ಬಯಸುತ್ತಿದ್ದರೆಂಬ ಫೂಟ್ ಅವರ ಅವಲೋಕನಕ್ಕೆ ಇದು ಉತ್ಖನನದ ಆಧಾರವನ್ನು ಒದಗಿಸಿತು.

೧೯೯೦ರ ದಶಕದ ಕೊನೆಯಿಂದ ರವಿ ಕೋರಿಶೆಟ್ಟರ್, ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರು ಸಂಗನಕಲ್ಲು-ಕಪ್ಪಗಲ್ಲು ಪರಿಸರದಲ್ಲಿ ಕೈಗೊಂಡ ಸಂಶೋಧನೆಯು ಚಿತ್ರವನ್ನು ಮತ್ತಷ್ಟು ಸ್ಪಷ್ಟಗೊಳಿಸಿತು. ಬೂದಿಯಲ್ಲಿ ಉಳಿದ ಸುಟ್ಟ ಕಾಳುಗಳಿಂದ ಕೊರಲೆಯಂತಹ ಸಿರಿಧಾನ್ಯಗಳನ್ನೂ ಹುರುಳಿ ಹೆಸರುಗಳನ್ನೂ ಈ ಜನ ಬೆಳೆಯುತ್ತಿದ್ದರೆಂದು ತಿಳಿದುಬಂದಿತು. ಕ್ರಿ.ಪೂ. ಸುಮಾರು ೨೦೦೦ದ ಆಸುಪಾಸಿನಲ್ಲಿ ಆರಂಭವಾದ ಈ ನೆಲೆಯಲ್ಲಿ ಕೊಡಲಿ ತಯಾರಿಕೆ ಅತ್ಯಂತ ಭರದಿಂದ ನಡೆದುದು ಕ್ರಿ.ಪೂ. ಸುಮಾರು ೧೪೦೦ರಿಂದ ೧೨೦೦ರ ನಡುವೆ ಎಂದು ಇಂಗಾಲದ ಕಾಲಗಣನೆ ಸೂಚಿಸಿತು. ಫೂಟ್ ಅವರ ಮನೆಯಲ್ಲಿದ್ದ ಅರ್ಧಗೆತ್ತಿದ ಕೊಡಲಿಗಳಿಗೆ ಹೀಗೆ ಒಂದು ಶತಮಾನದ ತರುವಾಯ ಕಾಲವೂ, ಹೊಲವೂ, ಅಡುಗೆಮನೆಯೂ ದೊರೆತವು.

೬. ಗುಡ್ಡ ಮತ್ತು ಕಪಾಟು

ಹಿರೇಗುಡ್ಡದಲ್ಲಿ ಕಪಾಟಿಗೆ ಹೋಗಲಾರದ ಸಂಪತ್ತೂ ಇದೆ. ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ನೂರಾರು ಚಿತ್ರಗಳು ಅಲ್ಲಿವೆ. ಉದ್ದಕೊಂಬಿನ, ಹಿಣಿಲುಳ್ಳ ಎತ್ತುಗಳು ಅವುಗಳಲ್ಲಿ ಹೆಚ್ಚು. ಪೊಲೀಸ್ ಅಧಿಕಾರಿಯೂ ಮಾನವಶಾಸ್ತ್ರಾಸಕ್ತರೂ ಆಗಿದ್ದ ಎಫ್. ಫಾಸೆಟ್ ಅವರು ೧೮೯೨ರಲ್ಲಿ ಇವನ್ನು ಕುರಿತು ಲೇಖನ ಪ್ರಕಟಿಸಿದರು. ಆ ಬಳಿಕ ದೀರ್ಘಕಾಲ ಈ ಚಿತ್ರಗಳು ವಿದ್ವಾಂಸರ ಗಮನದಿಂದ ಮರೆಯಾಗಿದ್ದವು. ಬೊಯ್ವಿನ್ ಅವರು ೨೦೦೪ರಲ್ಲಿ 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದ ಲೇಖನವು ಅವುಗಳಿಗೆ ಹೊಸ ಮಹತ್ವವನ್ನು ತಂದಿತು. ಕೆಲವು ಬಂಡೆಗಳಲ್ಲಿ ಚಿತ್ರಗಳಿಲ್ಲದೆ ಬರಿಯ ಕುಳಿಗಳಿವೆ. ಅಲ್ಲಿ ಕಲ್ಲಿನಿಂದ ಬಡಿದರೆ ಜಾಗಟೆಯಂತಹ ನಾದ ಹೊರಡುತ್ತದೆ. ಚಿತ್ರ ಕೆತ್ತುವುದೂ ನಾದ ಹೊರಡಿಸುವುದೂ ಒಂದೇ ಆಚರಣೆಯ ಮುಖಗಳಾಗಿದ್ದಿರಬಹುದೆಂಬ ಅವರ ವಾದ ಜಗತ್ತಿನ ಗಮನ ಸೆಳೆಯಿತು.

ಅದೇ ಲೇಖನವು ಗುಡ್ಡಕ್ಕೆ ಒದಗಿದ ಅಪಾಯವನ್ನೂ ದಾಖಲಿಸಿತು. ಗ್ರಾನೈಟ್ ಗಣಿಗಾರಿಕೆ ಗುಡ್ಡದ ಬುಡವನ್ನು ಮುಟ್ಟಿತ್ತು. ಯಾವ ಗ್ರಾನೈಟು ಕೊಡಲಿಗೆ ಬಾರದೆಂದು ನವಶಿಲಾಯುಗದ ಕಸುಬುದಾರ ಬಿಟ್ಟಿದ್ದನೋ ಅದೇ ಗ್ರಾನೈಟು ರಸ್ತೆಯ ಜಲ್ಲಿಗೂ ಕಟ್ಟಡದ ಚಪ್ಪಡಿಗೂ ಬೇಕಾಯಿತು. ಶಾಸನಸ್ಥ ಕಲ್ಲು, ಗುಡಿ, ಕೋಟೆ ಇವು ಸ್ಮಾರಕಗಳೆಂದು ಎಲ್ಲರಿಗೂ ತಿಳಿಯುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ಬೃಹತ್ ನಂದಿಯನ್ನು ಕಾಯಲು ಭಕ್ತಿಯೇ ಇದೆ. ಚಕ್ಕೆಗಳ ರಾಶಿಯನ್ನಾಗಲಿ ಬೂದಿಯ ದಿಬ್ಬವನ್ನಾಗಲಿ ಕಾಯುವ ಭಕ್ತಿ ಇಲ್ಲ. ಹೊಲಕ್ಕೆ ಗೊಬ್ಬರವಾಗಿ, ರಸ್ತೆಗೆ ಮಣ್ಣಾಗಿ ಹಲವು ದಿಬ್ಬಗಳು ಕರಗಿವೆ. ನೆಲೆಯೊಂದು ಅಳಿದಾಗ ಫೂಟ್ ಅವರ ಪಟ್ಟಿಯಲ್ಲಿಯ ಒಂದು ಸಂಖ್ಯೆಯೇ ಆ ಊರಿನ ಪ್ರಾಗಿತಿಹಾಸಕ್ಕೆ ಉಳಿದ ಸಾಕ್ಷಿಯಾಗುತ್ತದೆ. ಕಲ್ಲುಗಳನ್ನು ದೂರಕ್ಕೆ ಒಯ್ದುದರ ಬಗೆಗೆ ಬಳ್ಳಾರಿಗೆ ನ್ಯಾಯವಾದ ಅಸಮಾಧಾನವಿರಬಹುದು. ಒಯ್ಯದೆ ಇದ್ದಿದ್ದರೆ ಅವುಗಳಲ್ಲಿ ಕೆಲವಾದರೂ ಜಲ್ಲಿಯಾಗುತ್ತಿದ್ದವೆಂಬುದೂ ಅಷ್ಟೇ ಸತ್ಯ. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಒಪ್ಪಿಕೊಂಡಲ್ಲದೆ ಫೂಟ್ ಸಂಗ್ರಹದ ಮೌಲ್ಯಮಾಪನ ಪೂರ್ಣವಾಗದು.

ರಾಜಕೀಯ ಭೂಪಟದ ಬದಲಾವಣೆಯೂ ಇಲ್ಲಿ ಸೇರಿಕೊಂಡಿದೆ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಜನ ಮತ್ತು ನೆಲ ಬಂದವು, ಕಲ್ಲುಗಳು ಮದರಾಸಿನಲ್ಲಿಯೇ ಉಳಿದವು. ಬಳ್ಳಾರಿ ನಗರದಲ್ಲಿ ಈಗ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರನ್ನು ಹೊತ್ತ ಸಂಗನಕಲ್ಲು ಪುರಾತತ್ತ್ವ ವಸ್ತುಸಂಗ್ರಹಾಲಯವಿದೆ. ಕೋರಿಶೆಟ್ಟರ್ ಅವರ ಪರಿಶ್ರಮದಿಂದ ರೂಪುಗೊಂಡ ಈ ಸಂಸ್ಥೆಯಲ್ಲಿ ಅಲ್ಲಿಯ ನೆಲದಿಂದಲೇ ದೊರೆತ ಅವಶೇಷಗಳನ್ನು ಅಲ್ಲಿಯ ಮಕ್ಕಳು ನೋಡಬಹುದು. ಸಂಗ್ರಾಹಕನ ಹೆಸರು ಬಳ್ಳಾರಿಗೆ ಹಿಂದಿರುಗಿದೆ; ಅವನ ಸಂಗ್ರಹ ಚೆನ್ನೈಯಲ್ಲಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಐವಿ ಕಾಟೇಜಿನ ಸಂಗ್ರಹವು ಒಬ್ಬ ವ್ಯಕ್ತಿಯ ವಿಲಕ್ಷಣ ಹವ್ಯಾಸವಾಗಿ ತೋರಿದರೂ, ಸ್ಥಳನಿರ್ದೇಶದ ಶಿಸ್ತಿನಿಂದಾಗಿ ಅದು ಶಾಸ್ತ್ರೀಯ ದಾಖಲೆಯಾಯಿತು. ಎರಡನೆಯದಾಗಿ, ಅದು ಒಬ್ಬರ ಸಾಧನೆ ಮಾತ್ರವಲ್ಲ. ಫ್ರೇಜರ್ ಅವರಂತಹ ಸ್ಥಳೀಯ ಅಧಿಕಾರಿಗಳ ನೆರವೂ, ಗುಡ್ಡ ಹಳ್ಳಗಳನ್ನು ಬಲ್ಲ ಹಳ್ಳಿಗರ ತಿಳಿವಳಿಕೆಯೂ ಅದರೊಳಗೆ ಸೇರಿವೆ. ಪಟ್ಟಿಯಲ್ಲಿ ಉಳಿದಿರುವ ಊರ ಹೆಸರುಗಳು ಆ ತಿಳಿವಳಿಕೆಯ ಕುರುಹುಗಳು. ಮೂರನೆಯದಾಗಿ, ಸಂಗ್ರಹವು ಪ್ರಶ್ನೆಯನ್ನು ಎತ್ತಿತು. ಉತ್ಖನನವು ಉತ್ತರವನ್ನು ಕೊಟ್ಟಿತು. ನೆಲ ಅಳಿದರೆ ಮುಂದಿನ ಪ್ರಶ್ನೆಗಳಿಗೆ ಉತ್ತರ ಹುಡುಕಲು ಎಡೆಯೇ ಇರುವುದಿಲ್ಲ.

ಫೂಟ್ ಅವರ ಪಟ್ಟಿಯಲ್ಲಿ ಬಳ್ಳಾರಿ ಜಿಲ್ಲೆಗೆ ಸಂಬಂಧಿಸಿದ ಭಾಗವನ್ನು ಕನ್ನಡಕ್ಕೆ ತಂದು, ೨೦೨೧ರ ವಿಭಜನೆಯ ತರುವಾಯದ ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ತಾಲ್ಲೂಕುಗಳಿಗೆ ಹೊಂದಿಸಿ ಮರುಜೋಡಿಸುವುದು ಅವಶ್ಯವಾದ ಕಾರ್ಯ. ಹಳೆಯ ಜಿಲ್ಲೆಯ ಇತರ ನೆಲೆಗಳು ಇಂದು ವಿಜಯನಗರ ಜಿಲ್ಲೆಗೂ ಆಂಧ್ರಪ್ರದೇಶಕ್ಕೂ ಹಂಚಿಹೋಗಿರುವುದರಿಂದ ಈ ಕಾರ್ಯಕ್ಕೆ ಎರಡು ರಾಜ್ಯಗಳ ವಿದ್ವಾಂಸರ ಸಹಕಾರ ಬೇಕಾಗುತ್ತದೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಊರೂರಿಗೆ ಹೋಗಿ, ಫೂಟ್ ಅವರು ಕಂಡ ನೆಲೆಗಳಲ್ಲಿ ಉಳಿದಿರುವುವೆಷ್ಟು, ಅಳಿದಿರುವುವೆಷ್ಟು ಎಂಬ ಲೆಕ್ಕವನ್ನು ತೆಗೆಯಬೇಕಾಗಿದೆ. ಏರ್ಕಾಡಿನ ಮನೆಯಿಂದ ಹೊರಟ ಪಟ್ಟಿಯು ಹಾಗೆ ಮತ್ತೆ ಬಳ್ಳಾರಿಯ ಗುಡ್ಡಗಳಿಗೆ ಹಿಂದಿರುಗಿದಾಗ, ಅದನ್ನು ಬರೆದವರ ನಾಲ್ಕು ದಶಕಗಳ ದುಡಿಮೆ ಸಾರ್ಥಕವಾಗುತ್ತದೆ.